ಬ್ಯೂನಸ್ ಐರಿಸ್‌ನಲ್ಲಿ ಹಗಲೆಲ್ಲ ಮಲಗಿದೆ: ನನ್ನ ಅನುಭವ

ಫಾರಿನ್‌ಗೆ ಹೋದ ದಿನವೇ ಅಲ್ಲಿನ ಟೈಮಿಗೆ ಒಗ್ಗಬೇಕು, ಹಗಲು ಎಷ್ಟೇ ನಿದ್ದೆ ಬಂದರೂ ಮಲಗಬಾರದು. ನಮ್ಮ ಹುಬ್ಬಳ್ಳಿ ಗೆಳೆಯರಲ್ಲಿ ನಾಲ್ಕು ದೇಶ ಸುತ್ತಿ ಬಂದವರೆಲ್ಲ ಹೇಳೋದು ಇದನ್ನೇ. 2018ರಲ್ಲಿ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ಗೆ ಹೋದಾಗ ನಾನೂ ಹಾಗೇ ಮಾಡಿದೆ. ಬೆಳಿಗ್ಗೆ ಏಳಕ್ಕೆ ಎದ್ದು ಬೀದಿ ಬೀದಿ ಸುತ್ತಿದೆ. ರಾತ್ರಿ ಒಂಬತ್ತಕ್ಕೆ ಕಣ್ಣು ಎಳೀತಿತ್ತು. ಆ ಊರಿನವರು ಊಟಕ್ಕೆ ಕೂರೋದೇ ಒಂಬತ್ತೂವರೆಗೆ! ಊಟ, ಟ್ಯಾಂಗೋ ಕುಣಿತದ ಶೋ ಎರಡೂ ಸೇರಿ ತೊಂಬತ್ತು ಡಾಲರ್ ತೆತ್ತು ಹೋದ ಕಡೆ ಎರಡನೇ ಹಾಡಿಗೇ ಗೊರಕೆ ಹೊಡೆದೆ.

2022ರ ಅಕ್ಟೋಬರ್‌ನಲ್ಲಿ ಮತ್ತೆ ಹೊರಟಾಗ ಲೆಕ್ಕ ಉಲ್ಟಾ ಹಾಕಿದೆ. ಅವರು ನಮಗಿಂತ ಎಂಟೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಎಂಟಕ್ಕೆ ನಾಟಕದ ಪರದೆ ಏಳುವಾಗ ನಮ್ಮಲ್ಲಿ ಬೆಳಗಿನ ಜಾವ ನಾಲ್ಕೂವರೆ. ನಾನು ಮೂವತ್ತು ವರ್ಷದಿಂದ ಅದಕ್ಕೂ ಮೊದಲೇ ಏಳೋನು. ರಾತ್ರಿ ಒಂದಕ್ಕೆ ಮಿಲೋಂಗಾ, ಅಂದ್ರೆ ಜನ ಸೇರಿ ಟ್ಯಾಂಗೋ ಕುಣಿಯೋ ಕೂಟ, ರಂಗೇರುವಾಗ ನಮ್ಮಲ್ಲಿ ಒಂಬತ್ತೂವರೆ, ಟಿಫಿನ್ ಮುಗಿಸಿ ಮೈ ಚುರುಕಾಗಿರೋ ಹೊತ್ತು. ಹಾಗಾದ್ರೆ ಮೈಯೊಳಗಿನ ಗಡಿಯಾರ ಮುಟ್ಟೋದೇ ಬೇಡ, ಅಲ್ವಾ? ಅಲ್ಲಿನ ಮಧ್ಯಾಹ್ನ ಹನ್ನೆರಡಕ್ಕೆ ಮಲಗೋದು, ಸಂಜೆ ಆರೂವರೆಗೆ ಏಳೋದು. ಮನೆಯವಳು ಕೇಳಿದಳು, "ನಿದ್ದೆ ಮಾಡೋಕೆ ಅಷ್ಟು ದೂರ ಹೋಗಬೇಕಾ?" ಗೆಳೆಯರಂತೂ ಮೂರು ದಿನಕ್ಕೆ ಜ್ವರ ಬರುತ್ತೆ ಅಂದರು.

ಮೊದಲ ಎರಡು ದಿನ ಕೆಟ್ಟೆ. ಹಾಸ್ಟೆಲ್‌ನಲ್ಲಿ ಮಧ್ಯಾಹ್ನ ಎರಡಕ್ಕೆ ಕಸ ಗುಡಿಸೋಕೆ ಬಂದು ಎಬ್ಬಿಸಿದರು. ಮೂರನೇ ದಿನ ಪೆರ್ಸಿಯಾನಾ ಇರೋ ರೂಮು ಹುಡುಕಿದೆ. ಪೆರ್ಸಿಯಾನಾ ಅಂದ್ರೆ ಕಿಟಕಿಗೆ ಹೊರಗಿನಿಂದ ಇಳಿಬಿಡೋ ಪಟ್ಟಿಗಳ ಶಟರ್. ಪಟ್ಟಿ ಎಳೆದು ಬಿಟ್ಟರೆ ಮಟಮಟ ಮಧ್ಯಾಹ್ನವೂ ಅಮಾವಾಸ್ಯೆ. ದಿನಕ್ಕೆ ಆರು ಡಾಲರ್ ಜಾಸ್ತಿ ಆಯ್ತು. ಇಡೀ ಟ್ರಿಪ್ಪಿನಲ್ಲಿ ಅಷ್ಟು ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ದುಡ್ಡಿನಲ್ಲೂ ಪೆಟ್ಟು ತಿಂದೆ. ಆಗ ಸರ್ಕಾರಿ ರೇಟು ಡಾಲರಿಗೆ ನೂರೈವತ್ತು ಪೆಸೋ ಚಿಲ್ಲರೆ. ಬೀದಿಯ 'ಬ್ಲೂ' ರೇಟು ಇನ್ನೂರ ತೊಂಬತ್ತರ ಹತ್ತಿರ. ಬಂದಿಳಿದ ಆತುರದಲ್ಲಿ ಇನ್ನೂರು ಡಾಲರ್ ಸರ್ಕಾರಿ ರೇಟಿನ ಕೌಂಟರಿನಲ್ಲೇ ಬದಲಿಸಿ ಅರ್ಧಕ್ಕರ್ಧ ಕಳೆದುಕೊಂಡೆ. ಫ್ಲೋರಿದಾ ಬೀದಿಯಲ್ಲಿ "ಕಾಂಬಿಯೋ, ಕಾಂಬಿಯೋ" (ದುಡ್ಡು ಬದಲಿ) ಅಂತ ಕೂಗುತ್ತಾ ನಿಂತಿರ್ತಾರಲ್ಲ, ಅವರನ್ನು ಊರಿನವರು ಅರ್ಬೊಲಿತೋ ಅಂತಾರೆ, ಪುಟ್ಟ ಗಿಡ ಅಂತ. ಕಾನೂನು ಒಪ್ಪಲ್ಲ, ಆದ್ರೂ ಆಗ ಊರಿಗೆ ಊರೇ ಅಲ್ಲಿಗೆ ಹೋಗ್ತಿತ್ತು. ನನ್ನ ಹತ್ತಿರ ಇದ್ದದ್ದು ನೂರು ಡಾಲರಿನ ಹಳೇ ನೋಟು, ತಲೆ ಚಿಕ್ಕದಾಗಿ ಅಚ್ಚಾಗಿರೋದು. "ಕಾರಾ ಚೀಕಾ" (ಚಿಕ್ಕ ಮುಖ) ಅಂತ ಮೂಗು ಮುರಿದು ರೇಟು ಇಳಿಸಿದರು. ಆಗ ತಲೆ ದೊಡ್ಡದಿರೋ ನೋಟಿಗೇ ಪೂರ್ತಿ ಬೆಲೆ ಸಿಗ್ತಿತ್ತು. ಇಪ್ಪತ್ತು ಡಾಲರಿನ ನೋಟಿಗೂ ಕಡಿಮೆಯೇ. ಇಲ್ಲಿಂದಲೇ ನೋಟು ಆರಿಸಿಕೊಂಡು ಹೋಗಬೇಕಿತ್ತು.

ದನದ ಮಾಂಸದ ಊರಲ್ಲಿ ಸಸ್ಯಾಹಾರಿ ಏನು ತಿಂದ? ಹೊಟ್ಟೆ ತುಂಬಾ ತಿಂದೆ. ಕೋರಿಯೆಂತೆಸ್ ರಸ್ತೆಯ ಗ್ವೆರಿನ್ 1932ರ ಪಿಜ್ಜಾ ಅಂಗಡಿ. ಕೂರಬೇಡಿ, ಕೌಂಟರಿನಲ್ಲಿ ನಿಂತು ತಿನ್ನಿ. ಅಗ್ಗ, ನಾಟಕಕ್ಕೂ ತಡ ಆಗಲ್ಲ. ಫುಗಸೇತಾ ಅಂದ್ರೆ ಈರುಳ್ಳಿ, ಚೀಸು ರಾಶಿ ಹಾಕಿದ ಪಿಜ್ಜಾ. ಅದರ ಮೇಲೆ ಒಂದು ತುಂಡು ಫೈನಾ ಇಟ್ಟುಕೊಂಡು ತಿಂತಾರೆ. ಫೈನಾ ಮೊದಲ ತುತ್ತಿಗೇ ನಾನು ನಕ್ಕೆ. ಕಡಲೆ ಹಿಟ್ಟು! ನಮ್ಮ ಜುಣಕದ ವಡಿಯ ತಮ್ಮ, ಒಗ್ಗರಣೆ ಇಲ್ಲದ ಬಡಪಾಯಿ. ಮರುದಿನ ಜೇಬಲ್ಲಿ ಶೇಂಗಾ ಚಟ್ನಿಪುಡಿ ಒಯ್ದು ಉದುರಿಸಿದೆ. ಪಕ್ಕದಲ್ಲಿ ನಿಂತಿದ್ದ ಅಜ್ಜನಿಗೂ ಕೊಟ್ಟೆ. ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಚಿಟಿಕೆ ಕೇಳಿದ. ಇದೇ ಪುಡಿಯನ್ನು ಚಿಮಿಚುರ್ರಿಗೆ, ಅಂದ್ರೆ ಅವರ ಸೊಪ್ಪು-ಬೆಳ್ಳುಳ್ಳಿ ಸಾಸಿಗೆ, ಕಲಸಿ ನೋಡಿದೆ. ಬೇಡ, ಅದರ ಸುದ್ದಿ ಬೇಡ.

ಮೆದಿಯಾಲೂನಾ, ಅಂದ್ರೆ ಅರ್ಧಚಂದ್ರದ ಹಾಗಿರೋ ಬನ್ನು, ತಿನ್ನುವಾಗ ಹುಷಾರು. 'ದೇ ಮಾಂತೇಕಾ' ಅಂದ್ರೆ ಅಲ್ಲಿ ಬೆಣ್ಣೆಯದು, 'ದೇ ಗ್ರಾಸಾ' ಅಂದ್ರೆ ಪ್ರಾಣಿ ಕೊಬ್ಬಿನದು. ನಮ್ಮ ಕಡುಬಿನ ಹಾಗಿರೋ ಎಂಪನಾದದ ಕಣಕದಲ್ಲೂ ಆ ಕೊಬ್ಬು ಇರಬಹುದು. ಒಳಗೆ ಬರೀ ಮೆಕ್ಕೆಜೋಳ ಇದೆ ಅಂತ ಸುಮ್ನೆ ನಂಬಬೇಡಿ.

ಒಪೆರಾ, ಅಂದ್ರೆ ಹಾಡುನಾಟಕ, ಆಡೋ ತೇಯಾತ್ರೋ ಕೋಲೋನ್ ರಂಗಮಂದಿರಕ್ಕೆ ನಾಲ್ಕು ಸಲ ಹೋದೆ. 1908ರ ಕಟ್ಟಡ, ಕೂರೋಕೆ ಸುಮಾರು ಎರಡೂವರೆ ಸಾವಿರ ಜಾಗ. ನನ್ನದು ನಿಲ್ಲೋ ಟಿಕೆಟ್, ತುತ್ತತುದಿಯ 'ಪರಾಯಿಸೋ', ಅಂದ್ರೆ ಸ್ವರ್ಗ. ನೆನಪಿರೋ ಹಾಗೆ ಮುನ್ನೂರೈವತ್ತು ರೂಪಾಯಿ. ಹಾಡುವವರ ನೆತ್ತಿ ಮಾತ್ರ ಕಾಣುತ್ತೆ, ದನಿ ಮಾತ್ರ ಕಿವಿಯ ಪಕ್ಕದಲ್ಲೇ. ಎರಡು ಗಂಟೆ ನಿಂತರೂ ಆಕಳಿಕೆ ಇಲ್ಲ. ಕೆಳಗೆ ದುಬಾರಿ ಸೀಟಿನಲ್ಲಿ ಪ್ರವಾಸಿಗರು ತೂಕಡಿಸೋದನ್ನು ಮೇಲಿಂದ ನೋಡಿದೆ. ಹೊಟ್ಟೆ ತಣ್ಣಗಾಯ್ತು.

ಇನ್ನು ಕುಣಿತ. ಬೆಂಗಳೂರಲ್ಲಿ ಮಗಳ ಮನೇಲಿದ್ದು ಎಂಟು ತಿಂಗಳು ಟ್ಯಾಂಗೋ ಹೆಜ್ಜೆ ಕಲಿತಿದ್ದೆ. ಹೆಜ್ಜೆ ತೊಂದರೆ ಕೊಡಲಿಲ್ಲ, ಕತ್ತು ಕೊಟ್ಟಿತು. ಮಿಲೋಂಗಾದಲ್ಲಿ ಬಾಯಿಬಿಟ್ಟು ಕರೆಯೋ ಹಾಗಿಲ್ಲ. ದೂರದಿಂದ ಕಣ್ಣು ಕೂಡಿಸಿ ತಲೆ ಆಡಿಸಬೇಕು, ಅದೇ ಕಾಬೆಸೇಯೋ. ನಾನು ಆಡಿಸಿದೆ, ನಮ್ಮ ಶೈಲಿಯಲ್ಲಿ, ಎಡಕ್ಕೂ ಬಲಕ್ಕೂ. ಅದು ಹೌದೋ ಅಲ್ಲವೋ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಮೂವರು ಮುಖ ತಿರುಗಿಸಿದರು. ರೂಮಿನ ಕನ್ನಡಿ ಮುಂದೆ ಎರಡು ದಿನ ಬರೀ ಮೇಲೆ ಕೆಳಗೆ ಕತ್ತು ಆಡಿಸೋ ಪ್ರಾಕ್ಟೀಸ್ ಮಾಡಿದೆ.

ಆಮೇಲೆ ಒಬ್ಬರು ಒಪ್ಪಿದರು, ನನ್ನಷ್ಟೇ ವಯಸ್ಸಿನ ಹೆಂಗಸು. ಮೊದಲ ಹಾಡು ಚೆನ್ನಾಗಿ ಹೋಯ್ತು. ಸಂತೋಷಕ್ಕೆ "ಗ್ರಾಸಿಯಾಸ್" ಅಂದುಬಿಟ್ಟೆ. ಆಕೆ ತಟ್ಟನೆ ಕೈ ಬಿಟ್ಟು ಕುರ್ಚಿಗೆ ನಡೆದರು. ಒಂದೇ ಜೋಡಿ ಸಾಲಾಗಿ ಕುಣಿಯೋ ಸುತ್ತಿಗೆ ತಾಂದಾ ಅಂತಾರೆ, ಸಾಮಾನ್ಯವಾಗಿ ನಾಲ್ಕು ಹಾಡು, ನಡುವೆ ಥ್ಯಾಂಕ್ಸ್ ಅಂದ್ರೆ 'ಇನ್ನು ಸಾಕು' ಅಂತ ಅರ್ಥ. ಇದನ್ನು ಕ್ಲಾಸಿನಲ್ಲಿ ಹತ್ತು ಸಲ ಕೇಳಿದ್ದೆ. ಜನ ತುಂಬಿದ ಹಾಲ್‌ನ ನಡುವೆ ಒಬ್ಬನೇ ಕಂಬದ ಹಾಗೆ ನಿಂತೆ.

ಐದನೇ ರಾತ್ರಿಯಿಂದ ಕುದುರಿತು. ಅಲ್ಮಾಗ್ರೋ ಬಡಾವಣೆಯ ಲಾ ಕತೆದ್ರಾಲ್ ಅನ್ನೋ ಮಿಲೋಂಗಾ ನನಗೆ ಹೇಳಿ ಮಾಡಿಸಿದ ಜಾಗ. ಹಳೇ ಗೋದಾಮು, ಮಂದ ಬೆಳಕು, ಏರುತಗ್ಗಿನ ಹಲಗೆ ನೆಲ, ಸಾಲದ್ದಕ್ಕೆ ಸಸ್ಯಾಹಾರಿ ಅಡುಗೆ! ಪ್ರವೇಶಕ್ಕೆ ಮೂರು ಡಾಲರ್ ಇತ್ತೇನೋ. ಎಲ್ಲಿ ಕೂತರೆ ಕಣ್ಣು ಬೇಗ ಕೂಡುತ್ತೆ ಅನ್ನೋದು ನನಗೆ ಗೊತ್ತಾಗಿದೆ, ಹೇಳಲ್ಲ. ಮುಂದಿನ ಸಲ ಅದೇ ಕುರ್ಚಿ ನನಗೆ ಬೇಕು. ಇಷ್ಟು ಹೇಳ್ತೀನಿ, ಬಾರ್ ಹತ್ತಿರ ಅಲ್ಲ.

ಹದಿನೇಳು ರಾತ್ರಿ, ಹನ್ನೊಂದು ಮಿಲೋಂಗಾ, ಏಳು ನಾಟಕ-ಒಪೆರಾ. ವಿಮಾನ ಬಿಟ್ಟು ಖರ್ಚು ಎಪ್ಪತ್ತು ಸಾವಿರ ರೂಪಾಯಿ ಆಸುಪಾಸು, ಆ ಕೌಂಟರಿನ ಪೆಟ್ಟೂ ಸೇರಿ. ಪ್ರವಾಸಿಗರೆಲ್ಲ ನೋಡೋ ರೆಕೊಲೇತಾದ ಸ್ಮಶಾನ ನೋಡಲಿಲ್ಲ, ಅದು ಹಗಲು ಮಾತ್ರ ತೆರೆದಿರುತ್ತೆ.

ಜ್ವರ ಬರಲಿಲ್ಲ. ಹುಬ್ಬಳ್ಳಿಗೆ ಬಂದ ಮರುದಿನ ನಾಲ್ಕಕ್ಕೇ ಎದ್ದು, ಹಾಲು ತಂದು, ಮನೆಯವಳಿಗೆ ಚಹಾ ಮಾಡಿಕೊಟ್ಟೆ. ಅವಳು ಲೋಟ ತಗೊಂಡು "ಗ್ರಾಸಿಯಾಸ್" ಅಂದಳು.