ಕಿಡ್ನಿಯಲ್ಲಿ ಗಡ್ಡೆ ಅಂದ್ರಾ? ಮೊದಲು ನೀರೋ ಮಾಂಸವೋ ನೋಡಿ

ಹೊಟ್ಟೆ ಉಬ್ಬರ ಅಂತ ಸ್ಕ್ಯಾನಿಂಗ್‌ಗೆ (ಅಲ್ಟ್ರಾಸೌಂಡ್) ಹೋಗಿರುತ್ತೀರಿ. ರಿಪೋರ್ಟ್‌ನಲ್ಲಿ ನೋಡಿದರೆ ಬಲಗಡೆ ಕಿಡ್ನಿಯಲ್ಲಿ 2.3 ಸೆಂ.ಮೀ. ಗಡ್ಡೆ! ಈಗ ಕಿಡ್ನಿ ಗಡ್ಡೆಗಳು ಹೆಚ್ಚಾಗಿ ಸಿಗುವುದೇ ಹೀಗೆ, ಬೇರೇನೋ ಹುಡುಕುವಾಗ. ಗಾಬರಿ ಬೇಡ, ಆ ಸಾಲನ್ನು ಪೂರ್ತಿ ಓದಿ.

'ಸಿಂಪಲ್ ಸಿಸ್ಟ್' ಅಂತಿದ್ದರೆ ಅದು ನೀರಿನ ಗುಳ್ಳೆ. ಸ್ಕ್ಯಾನಿಂಗ್‌ನಲ್ಲಿ ಒಳಗೆಲ್ಲ ಕಪ್ಪು, ಗೋಡೆ ತೆಳು, ಅಂಚು ನಯ. ನೀರಿನಲ್ಲಿ ಶಬ್ದದ ಅಲೆ ಸಲೀಸಾಗಿ ಸಾಗುವುದರಿಂದ ಗುಳ್ಳೆಯ ಹಿಂದಿನ ಜಾಗ ಬೆಳ್ಳಗೆ ಹೊಳೆಯುತ್ತದೆ. ಇಷ್ಟೂ ಇದ್ದರೆ ಸುಮ್ನೆ ಬಿಡಬಹುದು. ನರೆಗೂದಲಿನ ಹಾಗೆ ವಯಸ್ಸಿನ ಜೊತೆ ಬರುವಂಥದ್ದು.

ಗುಳ್ಳೆಯೊಳಗೆ ದಪ್ಪ ಪರದೆ ಅಥವಾ ಗಂಟು ಕಂಡರೆ, ಇಲ್ಲವೇ 'ಸಾಲಿಡ್' (ನೀರಲ್ಲ, ಗಟ್ಟಿ ಗಡ್ಡೆ) ಅಂತ ಬರೆದಿದ್ದರೆ, ಸಿ.ಟಿ. ಸ್ಕ್ಯಾನ್ ಬೇಕು. ಜನ ಎಡವುವುದು ಇಲ್ಲೇ. ಕಲ್ಲು ನೋಡಲು ಮಾಡಿಸುವ ಪ್ಲೇನ್ ಸಿ.ಟಿ. ಇದಕ್ಕೆ ಸಾಲದು. ಒಮ್ಮೆ ಪ್ಲೇನ್, ಆಮೇಲೆ ಕೈಯ ನರಕ್ಕೆ ಕಾಂಟ್ರಾಸ್ಟ್ (ಸಿ.ಟಿ.ಯಲ್ಲಿ ಬೆಳ್ಳಗೆ ಕಾಣುವ ಔಷಧ) ಕೊಟ್ಟು ಇನ್ನೊಮ್ಮೆ. ಗಡ್ಡೆಯ ಅದೇ ಜಾಗದ ಹೌನ್ಸ್‌ಫೀಲ್ಡ್ ಅಂಕವನ್ನು (ಸಿ.ಟಿ.ಯಲ್ಲಿ ಆ ಜಾಗ ಎಷ್ಟು ದಟ್ಟ ಅಂತ ಹೇಳುವ ಸಂಖ್ಯೆ) ಎರಡರಲ್ಲೂ ಅಳೆಯುತ್ತಾರೆ. 35 ಇದ್ದದ್ದು 90 ಆಯಿತು ಅನ್ನಿ, ಗಡ್ಡೆಗೆ ರಕ್ತ ಹರಿಯುತ್ತಿದೆ, ಅದು ಮಾಂಸ. ಏರಿಕೆ 20 ಮುಟ್ಟಿದರೇ ಅನುಮಾನ ಗಟ್ಟಿ. 10ರಿಂದ 20ರ ನಡುವೆ ಇದ್ದರೆ ಎಂ.ಆರ್.ಐ. ಹೇಳಬಹುದು. ಕಾಂಟ್ರಾಸ್ಟ್‌ಗೆ ಮುಂಚೆ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ಟೆಸ್ಟ್ ಆಗಿರಲಿ. ಅಲರ್ಜಿ ಇದ್ದರೆ, ಶುಗರ್‌ಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಮೊದಲೇ ಹೇಳಿ.

ಪ್ಲೇನ್ ಸಿ.ಟಿ.ಗೂ ಒಂದು ಕೆಲಸವಿದೆ. ಅಂಕ ಮೈನಸ್ 10ಕ್ಕಿಂತ ಕೆಳಗಿಳಿದರೆ ಒಳಗೆ ಕೊಬ್ಬಿದೆ. ಅಂಥದ್ದು ಹೆಚ್ಚಾಗಿ ಆಂಜಿಯೋಮಯೋಲಿಪೋಮಾ, ಕ್ಯಾನ್ಸರ್ ಅಲ್ಲ. ಅದು ಸ್ಕ್ಯಾನಿಂಗ್‌ನಲ್ಲೇ ಬೆಳ್ಳಗೆ ಕಾಣುತ್ತದಲ್ವಾ ಅನ್ನಬಹುದು. ಆದರೆ ಕೆಲವು ಸಣ್ಣ ಕ್ಯಾನ್ಸರ್‌ಗಳೂ ಹಾಗೇ ಬೆಳ್ಳಗಿರುತ್ತವೆ.

ಗುಳ್ಳೆಗಳಿಗೆ, ಕ್ಯಾನ್ಸರ್ ಅನುಮಾನ ಎಷ್ಟು ಅಂತ ಹೇಳುವ ಬೋಸ್ನಿಯಾಕ್ ದರ್ಜೆ ಕೊಡುತ್ತಾರೆ. ರೇಡಿಯಾಲಜಿಸ್ಟ್ ಮಾರ್ಟನ್ ಬೋಸ್ನಿಯಾಕ್ 1986ರಲ್ಲಿ ಮಾಡಿದ್ದು, 2019ರಲ್ಲಿ ಪರಿಷ್ಕರಣೆಯಾಯಿತು. 1, 2 ಬಂದರೆ ನಿಶ್ಚಿಂತೆ. 2ಎಫ್ ಅಂದರೆ ಆಗಾಗ ಸ್ಕ್ಯಾನ್ ಮಾಡಿಸಿ ಕಣ್ಣಿಡಬೇಕು. 3, 4 ಆದರೆ ಯೂರಾಲಜಿಸ್ಟ್ ಹತ್ತಿರ ಹೋಗಲೇಬೇಕು.

ಮಾಂಸದ ಗಡ್ಡೆಯಾದರೂ ಕಿಡ್ನಿಯನ್ನೇ ತೆಗೆಯಬೇಕೆಂದಿಲ್ಲ. 4 ಸೆಂ.ಮೀ. ಒಳಗಿನವುಗಳಲ್ಲಿ ಸುಮಾರು ಐದಕ್ಕೊಂದು ಕ್ಯಾನ್ಸರ್ ಆಗಿರುವುದೇ ಇಲ್ಲ. ಬಯಾಪ್ಸಿ ಮಾಡಬಹುದು, ಗಡ್ಡೆಯನ್ನಷ್ಟೇ ಕೆತ್ತಿ ತೆಗೆಯಬಹುದು, ವಯಸ್ಸಾದವರಲ್ಲಿ ಕಾದು ನೋಡಲೂಬಹುದು. ಹೋಗುವಾಗ ರಿಪೋರ್ಟ್ ಹಾಳೆಯೊಂದೇ ಸಾಲದು, ಸಿ.ಟಿ.ಯ ಸಿ.ಡಿ.ಯನ್ನೂ ಒಯ್ಯಿರಿ. ಬೀರುವಿನಲ್ಲಿ ಹಳೇ ಸ್ಕ್ಯಾನಿಂಗ್ ಇದ್ದರೆ ಅದನ್ನೂ. ಐದು ವರ್ಷದ ಹಿಂದೆಯೂ ಗಡ್ಡೆ ಇಷ್ಟೇ ಇತ್ತಾ ಅನ್ನುವುದೇ ಡಾಕ್ಟರ್ ಕೇಳುವ ಮೊದಲ ಪ್ರಶ್ನೆ.