ಸರ್ಟಿಫಿಕೇಟ್ ಸಿಕ್ಕಿತು, ಕೆಲಸ ಸಿಗಬೇಕಲ್ಲ

ಅಮೆರಿಕದ ಇಲಿನಾಯ್‌ನಲ್ಲಿ ರಸ್ತೆ, ಸೇತುವೆ ಕಾಮಗಾರಿಗಳ ಕಾಂಕ್ರೀಟ್ ಮತ್ತು ಡಾಂಬರು ಪರೀಕ್ಷಿಸುವ ಸಣ್ಣ ಕಂಪನಿ ನನ್ನದು. ಡಿಬಿಇ (ಡಿಸ್‌ಅಡ್ವಾಂಟೇಜ್ಡ್ ಬಿಸಿನೆಸ್ ಎಂಟರ್‌ಪ್ರೈಸ್) ಸರ್ಟಿಫಿಕೇಟ್ ಮಾಡಿಸುವುದು ಹೇಗೆ ಅಂತ ಇಲ್ಲಿನ ಕನ್ನಡದವರು ಆಗಾಗ ಕೇಳುತ್ತಾರೆ. ಸಾಮಾಜಿಕವಾಗಿ, ಆರ್ಥಿಕವಾಗಿ ಹಿಂದುಳಿದವರ ಉದ್ದಿಮೆಗಳಿಗೆ ಕೇಂದ್ರ ಸಾರಿಗೆ ಇಲಾಖೆಯ ಹಣದ ಗುತ್ತಿಗೆಗಳಲ್ಲಿ ದಾರಿ ಮಾಡಿಕೊಡುವ ಯೋಜನೆ ಅದು. ನಮ್ಮೂರಿನ ಮೀಸಲಾತಿಯ ಹಾಗೆ ಅಂದುಕೊಂಡವರೇ ಹೆಚ್ಚು. ಹಾಗೇನಿಲ್ಲ, ನಿಮಗಂತ ಯಾರೂ ಕೆಲಸ ಎತ್ತಿಡುವುದಿಲ್ಲ. ಮುಖ್ಯ ಗುತ್ತಿಗೆದಾರನಿಗೆ ಒಂದು ಗುರಿ ಕೊಡುತ್ತಾರೆ. ಅವನು ನಮ್ಮಂಥವರಿಗೆ ಅಷ್ಟು ಕೆಲಸ ಕೊಡಬೇಕು, ಇಲ್ಲವೇ ಪ್ರಾಮಾಣಿಕವಾಗಿ ಹುಡುಕಿದ್ದಕ್ಕೆ ದಾಖಲೆ ತೋರಿಸಬೇಕು.

ಅರ್ಜಿಯಲ್ಲಿ ತಲೆ ತಿಂದಿದ್ದು ಆಸ್ತಿಪಟ್ಟಿ. ವಾಸದ ಮನೆ, ಕಂಪನಿಯ ಪಾಲು ಬಿಟ್ಟು ಉಳಿದ ಆಸ್ತಿ ಆಗ 13.2 ಲಕ್ಷ ಡಾಲರ್ ದಾಟುವಂತಿರಲಿಲ್ಲ (2024ರಲ್ಲಿ ಮಿತಿ 20.47 ಲಕ್ಷಕ್ಕೆ ಏರಿತು). ದಾವಣಗೆರೆಯಲ್ಲಿ ನನ್ನ ಹೆಸರಿನ ಸೈಟೂ ಲೆಕ್ಕಕ್ಕೆ ಬರುತ್ತದೆ. ಅಣ್ಣ ಖಾತಾ ಪ್ರತಿಯ ಫೋಟೊ ಕಳಿಸಿದ, ನಾನು ಇಂಗ್ಲಿಷಿಗಿಳಿಸಿ ಬೆಲೆ ನಮೂದಿಸಿದೆ. ಆಮೇಲೆ ಅಧಿಕಾರಿ ಆಫೀಸಿಗೇ ಬಂದರು. ಕಂಪನಿಯಲ್ಲಿ ಶೇ. 51ರಷ್ಟು ಪಾಲು ಕಾಗದದ ಮೇಲಿದ್ದರೆ ಸಾಲದು, ಲಗಾಮೂ ನನ್ನ ಕೈಯಲ್ಲೇ ಇರಬೇಕು. ಚೆಕ್‌ಗೆ ಸಹಿ ಯಾರದು, ನಿಮ್ಮ ಯಜಮಾನರ ಪಾತ್ರವೇನು ಎಂದೆಲ್ಲ ಕೇಳಿ, ಹಸಿ ಕಾಂಕ್ರೀಟಿನ ಹದ ನೋಡುವ ಸ್ಲಂಪ್ ಟೆಸ್ಟ್ ಹೇಗೆ ಮಾಡುತ್ತೀರಿ ಅಂದರು. ಕೋನ್ ತಂದಿಟ್ಟು, ಮೂರು ಪದರ, ಪದರಕ್ಕೆ 25 ಸಲ ಸಲಾಕೆ ಅಂತ ತೋರಿಸಿಯೇಬಿಟ್ಟೆ.

ಸರ್ಟಿಫಿಕೇಟ್ ಬಂತು. ಐಡಾಟ್ (ಇಲಿನಾಯ್ ರಾಜ್ಯದ ಸಾರಿಗೆ ಇಲಾಖೆ), ಷಿಕಾಗೊ ನಗರ, ಬಸ್ಸು-ರೈಲು ಓಡಿಸುವ ಸಿಟಿಎ, ಮೆಟ್ರಾ, ಪೇಸ್, ಐದೂ ಕಡೆ ಅದೊಂದೇ ನಡೆಯುತ್ತದೆ. ಆದರೆ ಫೋನು ಮಾತ್ರ ರಿಂಗಾಗಲಿಲ್ಲ.

ನನಗೆ ನಿಜವಾಗಿ ಕೈಹಿಡಿದಿದ್ದು ಅದರ ಬೆನ್ನಿಗಿರುವ ಸಪೋರ್ಟಿವ್ ಸರ್ವಿಸಸ್. ಕೇಂದ್ರ ಹೆದ್ದಾರಿ ಆಡಳಿತದ ಹಣದಲ್ಲಿ ಐಡಾಟ್ ನೇಮಿಸುವ ಸಲಹೆಗಾರರು, ನಮಗೆ ಪುಕ್ಕಟೆ. ಇಂಜಿನಿಯರಿಂಗ್ ಸೇವೆಗಳಿಗೆ ಇಲ್ಲಿ ಕಡಿಮೆ ದರ ಕೂಗಿದವರಿಗೆ ಕೆಲಸ ಎಂಬುದಿಲ್ಲ. 1972ರ ಬ್ರೂಕ್ಸ್ ಕಾಯ್ದೆಯಂತೆ ಮೊದಲು ಅರ್ಹತೆ ನೋಡಿ ಆರಿಸುತ್ತಾರೆ, ದರದ ಚೌಕಾಸಿ ಆಮೇಲೆ. ಆ ದರ ನಿಂತಿರುವುದು ಓವರ್‌ಹೆಡ್ ಲೆಕ್ಕದ ಮೇಲೆ. ಓವರ್‌ಹೆಡ್ ಶೇ. 130 ಅಂತ ಒಪ್ಪಿಗೆಯಾದರೆ, ಸೈಟಿನಲ್ಲಿ ದುಡಿದ 100 ಡಾಲರ್ ಸಂಬಳದ ಮೇಲೆ ಬಾಡಿಗೆ, ವಿಮೆ, ರಜೆ ಇತ್ಯಾದಿಗೆ ಇನ್ನೂ 130 ಸಿಗುತ್ತದೆ. ಲೆಕ್ಕ ಒಪ್ಪಿತವಾಗಿಲ್ಲದ ಕಂಪನಿಯನ್ನು ಜೊತೆಗೆ ಸೇರಿಸಿಕೊಳ್ಳಲು ದೊಡ್ಡವರು ಹಿಂಜರಿಯುತ್ತಾರೆ.

ಸಲಹೆಗಾರರು ಕಳಿಸಿದ ಸಿಪಿಎ (ಲೆಕ್ಕಪರಿಶೋಧಕರು) ಮೊದಲ ದಿನವೇ ನನ್ನ ಪುಸ್ತಕದ ಮೇಲೆ ಕೆಂಪು ಪೆನ್ನು ಆಡಿಸಿದರು. ಬ್ಯಾಂಕ್ ಸಾಲದ ಬಡ್ಡಿ ಲೆಕ್ಕಕ್ಕಿಲ್ಲ, ಗ್ರಾಹಕರಿಗೆ ಕೊಡಿಸಿದ ಬೇಸ್‌ಬಾಲ್ ಟಿಕೆಟ್ ಲೆಕ್ಕಕ್ಕಿಲ್ಲ. ಎಲ್ಲರೂ ದಿನಾ ಟೈಮ್‌ಶೀಟ್ ತುಂಬಬೇಕು, ಮಾಲಕಿಯೂ ಸೇರಿ. ಭಾನುವಾರ ರಾತ್ರಿ ಕೂತು ಪ್ರಪೋಸಲ್ ಬರೆದ ಗಂಟೆಗಳು ಪ್ರಾಜೆಕ್ಟಿನ ಗಂಟೆಗಳಲ್ಲ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಷ್ಟವೇ ಆಯಿತು! ಒಪ್ಪಿತ ಓವರ್‌ಹೆಡ್ ದರ ಕೈಗೆ ಬಂದ ಮೇಲೆ, ಹೊಸ ಕೆಲಸಗಳ ಪಟ್ಟಿಯಿರುವ ಐಡಾಟ್ ಬುಲೆಟಿನ್ ಹೊರಬಿದ್ದಾಗಲೆಲ್ಲ ನಾನೇ ಪ್ರೈಮ್‌ಗಳಿಗೆ (ಮುಖ್ಯ ಗುತ್ತಿಗೆ ಹಿಡಿಯುವ ಕಂಪನಿಗಳಿಗೆ) ಫೋನ್ ಮಾಡತೊಡಗಿದೆ. ಕೆಲಸ ಬಂದಿದ್ದು ಹಾಗೆ.

ಒಬ್ಬ ಪ್ರೈಮ್, "ಹೆಸರು ನಿಮ್ಮದಿರಲಿ, ಜನ ನಮ್ಮವರು, ಕಮಿಷನ್ ತಗೊಳ್ಳಿ" ಅಂದ. ಕೆಲಸವನ್ನು ನಾವೇ ಮಾಡದೆ ಹೆಸರು ಬಾಡಿಗೆಗೆ ಕೊಟ್ಟರೆ ಅದು ವಂಚನೆ, ಜೈಲಿನವರೆಗೂ ಹೋಗಬಹುದು. ಆ ಫೋನ್ ಅಲ್ಲಿಗೇ ಇಟ್ಟೆ.

2025ರ ಅಕ್ಟೋಬರ್ 3ರಿಂದ ನಿಯಮ ಬದಲಾಗಿದೆ. ಮಹಿಳೆ, ಭಾರತೀಯ ಮೂಲದವಳು ಎಂದಷ್ಟಕ್ಕೇ ಹಿಂದುಳಿದವಳೆಂದು ಭಾವಿಸುವ ಪದ್ಧತಿ ಹೋಯಿತು. ಸರ್ಟಿಫಿಕೇಟ್ ಇದ್ದವರೆಲ್ಲರದೂ ಮರುಪರಿಶೀಲನೆ, ಅದು ಮುಗಿಯುವ ತನಕ ಗುತ್ತಿಗೆಗಳಿಗೆ ಡಿಬಿಇ ಗುರಿ ಹಾಕುವುದಿಲ್ಲ. ಯಾವ ಅಡ್ಡಿಯಿಂದ ನಮಗೆ ಎಷ್ಟು ನಷ್ಟವಾಯಿತು ಎಂದು ಒಬ್ಬೊಬ್ಬರೂ ತಮ್ಮ ಕತೆ ಬರೆದು ಪುರಾವೆ ಕೊಡಬೇಕು. ಸಾಲ ನಿರಾಕರಿಸಿದ ಪತ್ರ, ಹಳೆಯ ಇಮೇಲ್ ಯಾವುದನ್ನೂ ಬಿಸಾಡಬೇಡಿ. ಓವರ್‌ಹೆಡ್ ದರಕ್ಕೂ ಡಿಬಿಇಗೂ ಸಂಬಂಧವಿಲ್ಲ, ಅದನ್ನು ವರ್ಷವರ್ಷ ಸಲ್ಲಿಸುತ್ತಲೇ ಇರಬೇಕು. ಈ ವರ್ಷದ್ದು ಕಳಿಸಿದ್ದೇನೆ.