48 ಅಂಕ ಬಂದರೂ ಬಿದ್ದರು

ಲಕ್ವ ಹೊಡೆದವರು ಬೀಳುತ್ತಾರೋ ಇಲ್ಲವೋ ಅಂತ ಅಂದಾಜು ಮಾಡುವುದು ಫಿಸಿಯೋಥೆರಪಿಯಲ್ಲಿ ನನ್ನ ದಿನದ ಕೆಲಸ. ಹೋದ ವರ್ಷ ಒಬ್ಬರ ವಿಷಯದಲ್ಲಿ ನನ್ನ ಲೆಕ್ಕ ಪೂರ್ತಿ ತಪ್ಪಿತು.

ಅರವತ್ತು ದಾಟಿದವರು, ಎಡಗೈ ಎಡಗಾಲಿಗೆ ಲಕ್ವ ಆಗಿ ಮೂರು ತಿಂಗಳಾಗಿತ್ತು. ಮೈಯ ಸಮತೋಲನ ಅಳೆಯುವ ಬರ್ಗ್ ಬ್ಯಾಲೆನ್ಸ್ ಸ್ಕೇಲ್ ಅನ್ನುವ ಪರೀಕ್ಷೆ ಮಾಡಿದೆ. ಒಟ್ಟು 14 ಕೆಲಸ, ಒಂದೊಂದಕ್ಕೂ 0ಯಿಂದ 4, ಪೂರ್ತಿ ಅಂಕ 56. ಇವರಿಗೆ 48 ಬಂತು. 45ಕ್ಕಿಂತ ಕಡಿಮೆ ಬಂದರೆ ಹುಷಾರಾಗಿರಬೇಕು ಅನ್ನುವುದು ನಾವೆಲ್ಲ ಓದಿದ ಪಾಠ, ಅಲ್ವಾ? ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವ ಟಗ್ ಪರೀಕ್ಷೆಯಲ್ಲೂ 13 ಸೆಕೆಂಡ್. "ಇನ್ನು ಪರವಾಗಿಲ್ಲಮ್ಮ" ಅಂತ ಅವರ ಹೆಂಡತಿಗೆ ಹೇಳಿ ಕಳಿಸಿದೆ.

ಮುಂದಿನ ವಾರ ಹುಬ್ಬಿನ ಮೇಲೆ ಹೊಲಿಗೆ ಹಾಕಿಸಿಕೊಂಡು ಬಂದರು. ಬೆಳಗಿನ ಜಾವ ಬಚ್ಚಲಿಗೆ ಹೋಗುವಾಗ ಬಿದ್ದಿದ್ದರು. "ನಿಮ್ಮ ಮುಂದೆ ಚೆನ್ನಾಗೇ ನಡೀತಾರೆ ಸರ್, ಮನೇಲಿ ಗೋಡೆ ಹಿಡ್ಕೊಂಡೇ ಓಡಾಡೋದು" ಅಂದರು ಆಕೆ. ಇದನ್ನು ನಾನು ಮೊದಲೇ ಕೇಳಬೇಕಿತ್ತು. "ಬಿದ್ದಿದ್ದೀರಾ?" ಅಂದರೆ ಮರ್ಯಾದೆ ಪ್ರಶ್ನೆ, ಎಲ್ಲರೂ ಇಲ್ಲ ಅಂತಾರೆ. "ಬೀಳೋ ಹಾಗಾಗಿ ಏನಾದ್ರೂ ಹಿಡ್ಕೊಂಡಿದ್ರಾ?" ಅಂದರೆ ಬಾಯಿ ಬಿಡುತ್ತಾರೆ.

ಅವತ್ತು ಟಗ್ ಮತ್ತೆ ಮಾಡಿಸಿದೆ, ಈ ಸಲ ನಡೆಯುವಾಗ ಸುಮ್ನೆ ಮಾತಿಗೆಳೆದೆ. "ನಿನ್ನೆ ರಾತ್ರಿ ಊಟಕ್ಕೆ ಏನು?" ನಡೆಯುತ್ತಿದ್ದವರು ಅಲ್ಲೇ ನಿಂತರು. "ಮುದ್ದೆ..." ಎರಡು ಹೆಜ್ಜೆ ಇಟ್ಟರು. ಮತ್ತೆ ನಿಂತು "ಬಸ್ಸಾರು" ಅಂದರು. ಒಟ್ಟು 21 ಸೆಕೆಂಡ್. ತಿರುಗುವಾಗ ಎಡಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು, ಆದರೆ ಬಡಿದದ್ದು ಅವರ ಗಮನಕ್ಕೇ ಬರಲಿಲ್ಲ. ಎಡಗಡೆ ಲಕ್ವ ಅಂದರೆ ಪೆಟ್ಟಾಗಿರುವುದು ಬಲಮೆದುಳಿಗೆ, ಅಂಥ ಕೆಲವರಿಗೆ ಎಡಗಡೆ ಅನ್ನುವುದೇ ಮರೆತಂತಾಗುತ್ತದೆ. ಬರ್ಗ್‌ನಲ್ಲಿ ನಡಿಗೆಯೇ ಇಲ್ಲ, ಹಾಗಾಗಿ ಇದ್ಯಾವುದೂ ಆ 48ರಲ್ಲಿ ಕಾಣುವುದಿಲ್ಲ. ಮಲಗಿಸಿ ಬಿಪಿ ನೋಡಿ, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೆ ನೋಡಿದರೆ ಮೇಲಿನ ಅಂಕಿ 20ಕ್ಕಿಂತ ಜಾಸ್ತಿ ಇಳಿದಿತ್ತು. ಹಾಗೆ ಇಳಿದರೆ ಎದ್ದಾಗ ತಲೆ ಸುತ್ತಬಹುದು. ಅದನ್ನು ಚೀಟಿಯಲ್ಲಿ ಬರೆದುಕೊಟ್ಟು ಡಾಕ್ಟರ ಹತ್ತಿರ ಕಳಿಸಿದೆ.

ಆಮೇಲೆ ಮನೆಗೂ ಹೋದೆ. ಹವಾಯಿ ಚಪ್ಪಲಿ, ಕಾಲಿಗೆ ತೊಡರುವ ಪಂಚೆ, ಎತ್ತರದ ಹೊಸ್ತಿಲು, ಲೈಟ್ ಸ್ವಿಚ್ಚು ಕೋಣೆಯ ಆ ಕಡೆ. ಬಚ್ಚಲಿನ ದಾರಿಯಲ್ಲಿ ಮಗ ಆಗಲೇ ಗೋಡೆಗೆ ಹಿಡಿ ಹಾಕಿಸಿದ್ದ, ಒಳಗೆ ಹೋಗುವಾಗ ಬಲಕ್ಕೆ ಸಿಗುವ ಹಾಗೆ. ಸರಿಯೇ, ಆದರೆ ವಾಪಸ್ ಬರುವಾಗ ಅದೇ ಹಿಡಿ ಸೋತ ಎಡಗೈ ಕಡೆ ಆಗುತ್ತದಲ್ಲ! ಎದುರು ಗೋಡೆಗೂ ಒಂದು ಹಾಕಿಸಿದೆವು. ಸ್ವಿಚ್ಚನ್ನು ಮಂಚದ ಪಕ್ಕಕ್ಕೆ ತಂದೆವು.

ಎರಡು ತಿಂಗಳಾದ ಮೇಲೆ ಬರ್ಗ್‌ನಲ್ಲಿ 49, ಒಂದೇ ಅಂಕ ಜಾಸ್ತಿ. ಆದರೆ ಮಾತಾಡುತ್ತಾ ಮಾಡುವ ಟಗ್ 21ರಿಂದ 16 ಸೆಕೆಂಡಿಗೆ ಇಳಿದಿತ್ತು. ಊಟದ ವಿಷಯಕ್ಕೆ ನಿಲ್ಲದೆ ಉತ್ತರ ಕೊಡುತ್ತಾರೆ, ನೂರರಿಂದ ಏಳೇಳು ಕಳೆಯಿರಿ ಅಂದರೆ ಇನ್ನೂ ನಿಲ್ಲುತ್ತಾರೆ. ಅದಕ್ಕೇ, ರಾತ್ರಿ ಹೆಂಡತಿಯನ್ನು ಎಬ್ಬಿಸದೆ ಏಳಬೇಡಿ ಅಂದ ಮಾತನ್ನು ನಾನಿನ್ನೂ ವಾಪಸ್ ತಗೊಂಡಿಲ್ಲ.